ಪತ್ತನಾಜೆಯ ಒಳಗೆ ಅಟ್ಟದ ಕ್ಯಾಸೆಟ್ ಕೆಳಗಿಳಿಸಿ

ಈ ವಾರ ಬೋರ್ಡೋ ದ್ರಾವಣದ ಲೆಕ್ಕ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ಇವತ್ತು ಬೇರೆ ಒಂದು ಕೊಳೆರೋಗದ ವಿಷಯ ಉಂಟು. ಅಡಿಕೆಗೆ ಬರುವುದಲ್ಲ, ಅಟ್ಟದಲ್ಲಿಟ್ಟ ಕ್ಯಾಸೆಟ್ಟಿಗೆ ಬರುವುದು. ಬರಹ ಉದ್ದ ಉಂಟು, ಸ್ವಲ್ಪ ಜಗಳದ್ದೂ ಹೌದು. ಕೋಪ ಬಂದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗದ್ದೆಗಳಲ್ಲಿ ನೇಜಿ ನೆಡುತ್ತಾ ಹಾಡಿದ ಹೆಂಗಸರ ಸ್ವರ ನಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ, ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರಿನಲ್ಲಿ ಬಿದ್ದುಕೊಂಡಿದೆ. ವರ್ಷವರ್ಷ ಹಾಳಾಗುತ್ತಾ ಉಂಟು. ಅದನ್ನು ಉಳಿಸುವುದು ಸರ್ಕಾರದ ಕೆಲಸ, ಅಕಾಡೆಮಿಯ ಕೆಲಸ, ಕಾಲೇಜಿನವರ ಕೆಲಸ ಅಂತ ನಾವೆಲ್ಲ ಕೈ ತೊಳೆದುಕೊಂಡು ಕೂತಿದ್ದೇವೆ. ನಾನು ಹೇಳುವುದು ಇಷ್ಟೇ. ಕ್ಯಾಸೆಟ್ ಯಾರ ಮನೆಯಲ್ಲಿ ಉಂಟೋ ಕೆಲಸ ಅವರದ್ದು. ಪ್ರತಿ ಮಾಡಿದ ಮೇಲೆ ಮೊದಲನೇ ಪ್ರತಿ ಹೋಗಬೇಕಾದ್ದು ಹಾಡಿದವರ ಮನೆಗೆ. ಇಂಟರ್ನೆಟ್ಟು, ಮ್ಯೂಸಿಯಂ, ಪುಸ್ತಕ ಎಲ್ಲ ಆಮೇಲೆ, ಅದೂ ಅವರು ಹೂಂ ಅಂದರೆ.

ಚಿಕ್ಕ ಪ್ರಾಯದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಫಿಲಿಪ್ಸ್ ಕಂಪೆನಿ ಈ ಕ್ಯಾಸೆಟ್ ಹೊರತಂದದ್ದು 1963ರಲ್ಲಿ. ನಮ್ಮೂರಿನ ಮನೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ, ಹೆಚ್ಚಿನದು ಗಲ್ಫಿನಿಂದ, ಬೊಂಬಾಯಿಯಿಂದ. ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟಿನ ಬಾಟ್ಲಿ, ಕಂಬಳಿ, ಟಾರ್ಚಿನ ಜೊತೆಗೆ ಒಂದು ಟೂ-ಇನ್-ವನ್ ಇರುತ್ತಿತ್ತು. ರೆಕಾರ್ಡಿನ ಕೆಂಪು ಬಟನ್ನನ್ನೂ ಪ್ಲೇ ಬಟನ್ನನ್ನೂ ಒಟ್ಟಿಗೆ ಒತ್ತಿದರೆ ಮುಗಿಯಿತು, ಯಾರು ಬೇಕಾದರೂ ರೆಕಾರ್ಡ್ ಮಾಡಬಹುದು. ಪತ್ರ ಬರೆಯಲು ಬಾರದ ಅಮ್ಮಂದಿರು ಮಗನಿಗೆ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದರು. ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ನೇಮದ ಸಂಧಿ, ಮದುವೆಯ ಹಾಡು, ಆಟದ ಭಾಗವತಿಕೆ, ಗದ್ದೆಯ ಓಬೇಲೆ. ನಮ್ಮ ಕಡೆಯ ಜನಪದ ಹಾಡಿನ ಅತಿ ದೊಡ್ಡ ಸಂಗ್ರಹ ಯಾವ ಕಟ್ಟಡದಲ್ಲೂ ಇಲ್ಲ ಮಾರಾಯ್ರೆ. ಹೀಗೆ ಚೆಲ್ಲಾಪಿಲ್ಲಿಯಾಗಿ ಮನೆಗಳಲ್ಲೇ ಉಂಟು ಅಂತ ನನ್ನ ನಂಬಿಕೆ.

ನಮ್ಮ ಮನೆಯಲ್ಲಿ 23 ಕ್ಯಾಸೆಟ್ ಇವೆ, ಕುವೈತಿನಲ್ಲಿದ್ದ ಚಿಕ್ಕಪ್ಪನವು. ಹೆಚ್ಚಿನವು ತಾಳಮದ್ದಳೆ ಮತ್ತು ಸಿನಿಮಾ ಹಾಡು. ನಾಲ್ಕರಲ್ಲಿ ಗದ್ದೆಯ ಹಾಡು ಉಂಟು. ನಿಮ್ಮ ಮನೆಯಲ್ಲಿ ಎಷ್ಟು ಉಂಟು, ಲೆಕ್ಕ ಹಾಕಿದ್ದೀರಾ? ಅದರಲ್ಲಿ ಎಂತೆಂತ ಇರಬಹುದು ಅಂತ ಒಂದು ಅಂದಾಜು ಕೊಡುತ್ತೇನೆ. ನೇಜಿ ನೆಡುವಾಗಿನ ಪಾಡ್ದನ ಮತ್ತು ಓಬೇಲೆ. ತೆಂಬರೆ ಬಾರಿಸುತ್ತಾ ಪಂಬದರು, ಪಾಣಾರರು, ನಲಿಕೆಯವರು ಹೇಳುವ ಸಂಧಿ. ಕೊಯ್ಲಿನ ನಂತರ ಮನೆ ಮನೆಗೆ ಬರುವ ಕರಂಗೋಲು. ಆಟಿ ತಿಂಗಳ ಕಳೆಂಜ. ಕಾರ್ಕಳ, ಬಾರ್ಕೂರು ಕಡೆಯಲ್ಲಿ ಕುಡುಬಿಯವರು ಹೋಳಿಗೆ ಗುಮಟೆ ಬಡಿದು ಹಾಡುವ ಕೊಂಕಣಿ ಹಾಡು. ಕಾಪು, ಉಚ್ಚಿಲದ ಕಡಲ ಬದಿಯಲ್ಲಿ ಕೈರಂಪಣಿ ಎಳೆಯುವಾಗಿನ ಕೂಗು. ಕೊರಗರ ಡೋಲು, ಕೊಳಲು. ಇದರಲ್ಲಿ ಅರ್ಧಕ್ಕರ್ಧ ಕೆಲಸದ ಹಾಡು, ಕೆಲಸ ನಿಂತ ದಿನ ನಿಂತುಹೋಗುವ ಹಾಡು.

ನೇಜಿಯ ಹಾಡು ಹೇಗೆ ನಡೆಯುತ್ತಿತ್ತು ಅಂತ ಗದ್ದೆಗೆ ಇಳಿದವರಿಗೆ ಗೊತ್ತುಂಟು. ಒಬ್ಬಳು ಮುಂದೆ ಹೇಳುವುದು, ಸಾಲಿನಲ್ಲಿರುವವರು ಎತ್ತಿಕೊಳ್ಳುವುದು. ಬಗ್ಗಿದ ಬೆನ್ನಿನ ನೋವು ಮರೆಯಲಿಕ್ಕೆ ಒಂದು, ಎಲ್ಲರ ಕೈ ಒಂದೇ ವೇಗದಲ್ಲಿ ಹೋಗಲಿಕ್ಕೆ ಇನ್ನೊಂದು. ಮುಂದೆ ಹೇಳುವವಳು ನಿಧಾನ ಮಾಡಿದರೆ ನೆಡುವುದೂ ನಿಧಾನ. ಈಗ ನಾಟಿ ಯಂತ್ರ ಬಂತು, ಅರ್ಧ ಗದ್ದೆ ಅಡಿಕೆ ತೋಟ ಆಯಿತು, ಇನ್ನರ್ಧ ಹಡಿಲು ಬಿತ್ತು. 2021ರಲ್ಲಿ ಉಡುಪಿ ಕಡೆ ಹಡಿಲು ಗದ್ದೆಯಲ್ಲಿ ಮತ್ತೆ ಭತ್ತ ಬೆಳೆಸುವ ಆಂದೋಲನ ಆಯಿತಲ್ಲ, ಒಳ್ಳೆಯ ಕೆಲಸ. ಗದ್ದೆ ಹಸಿರಾಯಿತು, ಹಾಡು ಹಿಂದೆ ಬರಲಿಲ್ಲ. ಯಂತ್ರಕ್ಕೆ ಹಾಡು ಬೇಡ. ಯಂತ್ರ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಬಾಡಿಗೆಗೆ ತರಿಸುತ್ತೇನೆ. ಆದರೆ ಹೊಸದಾಗಿ ಈ ಹಾಡು ಹುಟ್ಟುವ ಜಾಗ ಇನ್ನು ಇಲ್ಲ ಅಂತ ಒಪ್ಪಿಕೊಂಡರೆ, ಹಳೆಯ ಟೇಪಿನ ಬೆಲೆ ಎಷ್ಟು ಅಂತ ನೀವೇ ಹೇಳಿ.

ಇಷ್ಟು ಹೇಳಿದ ಕೂಡಲೇ ನಾಲ್ಕು ಉತ್ತರ ಬರುತ್ತದೆ. ಸೊಸೈಟಿಯ ಜಗಲಿಯಲ್ಲಿ, ಮದುವೆ ಊಟದ ಸಾಲಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು, "ಅದೆಲ್ಲ ಪುಸ್ತಕದಲ್ಲಿ ಬಂದಾಗಿದೆ." ಬಂದಿದೆ, ಸುಳ್ಳಲ್ಲ. ಬಾಸೆಲ್ ಮಿಷನಿನ ಮ್ಯಾನರ್ 1886ರಲ್ಲೇ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಆಮೇಲೆ ಅಮೃತ ಸೋಮೇಶ್ವರರಂಥ ನಮ್ಮವರೇ ಎಷ್ಟೋ ಮಂದಿ ಸಂಗ್ರಹ ಮಾಡಿದರು. ಆದರೆ ಪುಸ್ತಕದಲ್ಲಿ ಬರುವುದು ಶಬ್ದ ಮಾತ್ರ. ಎಲ್ಲಿ ಎಳೆದರು, ಎಲ್ಲಿ ಉಸಿರು ತೆಗೆದರು, ಎಲ್ಲಿ ಸಾಲಿನವರು ಎತ್ತಿಕೊಂಡರು, ಯಾವ ಮಾತಿಗೆ ನಗು ಬಂತು, ಇದು ಅಚ್ಚಿನಲ್ಲಿ ಇಲ್ಲ. ಭತ್ತದ ತಳಿಯ ವಿವರಣೆ ಬರೆದ ಪುಸ್ತಕ ಮನೆಯಲ್ಲಿ ಉಂಟು ಅಂತ ಬೀಜ ಇಡದೆ ಕೂರುತ್ತೀರಾ?

ಎರಡನೆಯದು, "ಉಡುಪಿಯಲ್ಲಿ ದೊಡ್ಡವರು ಎಲ್ಲ ರೆಕಾರ್ಡ್ ಮಾಡಿ ಇಟ್ಟಿದ್ದಾರೆ." ಇದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ಕು.ಶಿ. ಹರಿದಾಸ ಭಟ್ಟರು ಎಂಜಿಎಂ ಕಾಲೇಜಿನಲ್ಲಿ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕಟ್ಟಿದರು. ಜನಪದವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಕಾಲದಲ್ಲಿ ಭೂತಕೋಲ, ಪಾಡ್ದನ, ಯಕ್ಷಗಾನ ಎಲ್ಲವನ್ನೂ ಟೇಪಿನಲ್ಲಿ ಹಿಡಿದಿಡುವ ಕೆಲಸ ಅಲ್ಲಿ ಆಯಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಪೂರ್ತಿ ರೆಕಾರ್ಡ್ ಮಾಡಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. 15,683 ಸಾಲು! ಗ್ರೀಕರ ಇಲಿಯಡ್ ಉಂಟಲ್ಲ, ಪ್ರಪಂಚವೇ ಹೊಗಳುವ ಮಹಾಕಾವ್ಯ, ಅದರಲ್ಲಿ 15,693 ಸಾಲು. ಹತ್ತೇ ಸಾಲು ವ್ಯತ್ಯಾಸ. ಹಾಡಿದ ಗೋಪಾಲ ನಾಯ್ಕರು ಯಾರು? ನಮ್ಮ ಹಾಗೆ ಕೃಷಿಕರು, ಓದು ಬರಹ ಕಲಿತವರಲ್ಲ. ಮಂಡೆಯಲ್ಲೇ ಇಟ್ಟುಕೊಂಡು ಹಾಡಿದ್ದು.

ಆದ್ರೆ ಅದು ಗೋಪಾಲ ನಾಯ್ಕರ ಸಿರಿ. ಅದೇ ಸಿರಿಯ ಕಥೆಯನ್ನು ನಂದಳಿಕೆ ಜಾತ್ರೆಗೆ ಹೋಗುವ ಕಾರ್ಕಳದ ಹೆಂಗಸು ಗದ್ದೆಯಲ್ಲಿ ಹೇಳುವಾಗ ಬೇರೆ, ಹಿರಿಯಡ್ಕದ ಕಡೆಯವಳು ಹೇಳುವಾಗ ಬೇರೆ, ಕವತ್ತಾರಿನ ಬದಿಯವಳು ಹೇಳುವಾಗ ಇನ್ನೊಂದು. ಯಾವುದು ಸರಿ, ಯಾವುದು ತಪ್ಪು ಅಂತ ಇಲ್ಲ. ಕೇರಳದ ಮೊಂಕೊಂಬಿನಿಂದ ಬಂದ ಎಂಒ4 ಒಳ್ಳೆಯ ತಳಿ, ನಾವೆಲ್ಲ ಬೆಳೆಸಿದ್ದೇವೆ. ಆದರೆ ಎಲ್ಲ ಕಡೆ ಅದೇ ಆಗಿ ಊರಿನ ಕಯಮೆ, ಅತಿಕಾಯ ಎಲ್ಲ ಹೋದವಲ್ಲ, ಈಗ ಹುಡುಕುತ್ತಾ ಇದ್ದೇವಲ್ಲ. ಹಾಡಿಗೂ ಅದೇ ಕಥೆ. ಕೇಂದ್ರದವರು ಎಷ್ಟು ಕೆಲಸ ಮಾಡಿದರೂ ಪ್ರತಿ ಬೈಲಿಗೆ, ಪ್ರತಿ ಗದ್ದೆಯ ಹುಣಿಗೆ ಬರಲಿಕ್ಕೆ ಸಾಧ್ಯ ಇತ್ತಾ? ಅವರು ಬಾರದ ಕಡೆ ನಮ್ಮ ಚಿಕ್ಕಪ್ಪಂದಿರ ಟೂ-ಇನ್-ವನ್ ಹೋಗಿತ್ತು. ಅಲ್ಲಿಯ ಟೇಪು ಹಾಳಾದರೆ ಉಡುಪಿಯಲ್ಲಿ ಎಷ್ಟು ಟೇಪು ಇದ್ದರೂ ಅದು ತುಂಬುವುದಿಲ್ಲ.

ಮೂರನೆಯದು ಮಕ್ಕಳ ಉತ್ತರ, "ಯೂಟ್ಯೂಬಿನಲ್ಲಿ ಎಲ್ಲ ಉಂಟು ಅಪ್ಪ." ಉಂಟು, ನಾನೂ ನೋಡುತ್ತೇನೆ. ಅಲ್ಲಿ ಒಂದು ಓಬೇಲೆ ಉಂಟು, ಹಿಂದೆ ರಿದಂ ಪ್ಯಾಡ್ ಹಾಕಿದ್ದಾರೆ, ಗದ್ದೆಯ ನೀರಿನ ಶಬ್ದ ತೆಗೆದಿದ್ದಾರೆ, ಹಾಡಿದವರ ಹೆಸರಿಲ್ಲ, ಚಾನೆಲಿನವರ ಹೆಸರು ಮಾತ್ರ ದೊಡ್ಡದಾಗಿ ಉಂಟು. ಆ ಕಂಪೆನಿ ನಾಳೆ ಬೇಡ ಅಂದರೆ ತೆಗೆಯುತ್ತದೆ, ಯಾರನ್ನು ಕೇಳ್ತೀರಿ? ಅದು ಅಂಗಡಿಯ ಷೋಕೇಸ್. ನಾಲ್ಕು ಜನ ನೋಡಲಿಕ್ಕೆ ಸರಿ, ಕಣಜ ಅಂತ ನಂಬಲಿಕ್ಕೆ ಆಗುವುದಿಲ್ಲ.

ಇದಕ್ಕೆ ಎದುರು ಉದಾಹರಣೆ ಕಾಳಿಂಗ ನಾವಡರು. ಗುಂಡ್ಮಿಯವರು ತೀರಿಹೋದದ್ದು 1990ರಲ್ಲಿ, ಚಿಕ್ಕ ಪ್ರಾಯದಲ್ಲೇ. ಅವರು ಹೋದ ಮೇಲೆ ಹುಟ್ಟಿದ ಹುಡುಗರು ಇವತ್ತು ಅವರ ಪದ್ಯಕ್ಕೆ ತಲೆದೂಗುತ್ತಾರೆ. ಹೇಗೆ? ಆಟದ ರಾತ್ರಿ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳು ಕ್ಯಾಸೆಟ್ ಜೋಪಾನ ಮಾಡಿದರು, ಪ್ರತಿ ಮಾಡಿ ಹಂಚಿದರು. ಹತ್ತು ಮನೆಯಲ್ಲಿ ಇದ್ದದ್ದಕ್ಕೆ ಉಳಿಯಿತು. ಯಾವ ಇಲಾಖೆಯನ್ನೂ ಅವರು ಕಾಯಲಿಲ್ಲ. ಅಂದ ಮೇಲೆ ನಮ್ಮಿಂದ ಆಗುವ ಕೆಲಸವೇ ಅಲ್ಲವಾ? ಭಾಗವತರಿಗೆ ಅಭಿಮಾನಿಗಳಿದ್ದರು, ನೇಜಿಯ ಹೆಂಗಸಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಾಲ್ಕನೆಯ ಉತ್ತರವೇ ಗಟ್ಟಿಯಾದದ್ದು. ಇದನ್ನು ಹೇಳುವವರು ಹೆಚ್ಚಾಗಿ ಹಾಡಿದವರ ಮಕ್ಕಳು, ಮೊಮ್ಮಕ್ಕಳು. "ಅದು ನಮ್ಮವರು ಕೂಲಿಗೆ ಬಗ್ಗಿದ ಕಾಲದ ಹಾಡು. ನಿಮಗೆ ಚಂದ, ನಮಗೆ ನೆನಪು ಬೇಡ." ಈ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿಯವರಿಗೆ ಭೂಮಿ ಬಂತು. ಗೇಣಿಯೇ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ಎಷ್ಟೋ ಮನೆಗಳಿಗೆ ಬರಲಿಲ್ಲ. ಹಾಡಿದವರಲ್ಲಿ ಹೆಚ್ಚಿನವರು ಆ ಮನೆಗಳವರೇ. ಅವರಿಗೆ ಆ ಹಾಡು ಬೇಡ ಅಂತಾದರೆ ಬೇಡವೇ. ಆದರೆ ಬೇಡ ಅಂತ ಹೇಳಲಿಕ್ಕಾದರೂ ಅದು ಅವರ ಕೈಗೆ ಸಿಗಬೇಕಲ್ಲ? ಈಗ ತೀರ್ಮಾನ ಮಾಡುತ್ತಿರುವುದು ಅವರಲ್ಲ, ನಮ್ಮ ಅಟ್ಟದ ಬೂಷ್ಟು.

ನಮ್ಮ ಮನೆಯದ್ದೇ ಹೇಳುತ್ತೇನೆ. ಆ ನಾಲ್ಕು ಕ್ಯಾಸೆಟ್ಟಿನಲ್ಲಿ ಒಂದರಲ್ಲಿ ನಮ್ಮ ಬಾಕಿಮಾರು ಗದ್ದೆಯಲ್ಲಿ ಒಬ್ಬರು ಅಜ್ಜಿ ಮುಂದೆ ಹೇಳುತ್ತಾರೆ, ಹತ್ತು ಹನ್ನೊಂದು ಹೆಂಗಸರು ಎತ್ತಿಕೊಳ್ಳುತ್ತಾರೆ. ಹಾಡಿನ ಮಧ್ಯದಲ್ಲಿ ಆ ಅಜ್ಜಿ ನಮ್ಮ ಅಜ್ಜನನ್ನು ತಮಾಷೆ ಮಾಡುತ್ತಾರೆ. ಕೂಲಿಗೆ ಅಕ್ಕಿ ಅಳೆಯುವ ಸೇರು ಸಣ್ಣದು ಅಂತ. ಎಲ್ಲರೂ ನಗುತ್ತಾರೆ. ಅಜ್ಜ ಅಲ್ಲೇ ಹುಣಿಯ ಮೇಲೆ ಇದ್ದಿರಬೇಕು, ಅವರ ಕೆಮ್ಮು ಕೇಳುತ್ತದೆ. ಇದು ಯಾವ ಪಾಡ್ದನದ ಪುಸ್ತಕದಲ್ಲಿ ಬರುತ್ತದೆ ಹೇಳಿ? ನಮ್ಮ ಮನೆಯಲ್ಲೇ ಒಬ್ಬರು "ಅದನ್ನು ಕಟ್ ಮಾಡಿ ಕೊಡು" ಅಂದರು. ಮಾಡಲಿಲ್ಲ. ಪೂರ್ತಿ ಪ್ರತಿ ಪೆನ್ ಡ್ರೈವಿಗೆ ಹಾಕಿ ಅಜ್ಜಿಯ ಮೊಮ್ಮಗನಿಗೆ ಕೊಟ್ಟೆ. ಅವನು ಮಣಿಪಾಲದಲ್ಲಿ ಕೆಲಸಕ್ಕೆ ಹೋಗುವವನು, ಅಜ್ಜಿಯ ಫೋಟೋ ಕೂಡ ಅವನ ಮನೆಯಲ್ಲಿ ಇಲ್ಲ. ಕೇಳಿ ಮರುದಿನ ಫೋನ್ ಮಾಡಿದ. ಹಾಡಿನ ವಿಷಯ ಹೆಚ್ಚು ಮಾತಾಡಲಿಲ್ಲ. ಸೇರಿನ ವಿಷಯ ಎರಡು ಸಲ ಹಾಕಿ ಕೇಳಿದೆವು, ಅಮ್ಮ ನಕ್ಕು ನಕ್ಕು ಅತ್ತರು ಅಂದ. ಊರಿನ ಬೇರೆಯವರಿಗೆ ಸದ್ಯಕ್ಕೆ ಕೊಡಬೇಡಿ ಅಂದ. ಸರಿ, ಕೊಟ್ಟಿಲ್ಲ. ಅದು ಯಾವತ್ತು ಹೊರಗೆ ಬರಬೇಕು, ಬರಲೇಬಾರದಾ ಅಂತ ತೀರ್ಮಾನ ಅವರ ಮನೆಯದ್ದು.

ಇದಕ್ಕೇ ನಾನು ಜಗಳ ಮಾಡುತ್ತಿರುವುದು. "ನಮ್ಮ ಸಂಸ್ಕೃತಿ, ನಮ್ಮ ತುಳುನಾಡು" ಅಂತ ಭಾಷಣ ಮಾಡುವಾಗ 'ನಮ್ಮ' ಅನ್ನುವ ಶಬ್ದ ಬಹಳ ಸುಲಭ. ಹಾಡಿದವರು ಮುಗೇರರು, ಪಂಬದರು, ನಲಿಕೆಯವರು, ಕೊರಗರು. ಟೇಪ್ ರೆಕಾರ್ಡರ್ ಇದ್ದದ್ದು ಭೂಮಿ ಇದ್ದವರ ಮನೆಯಲ್ಲಿ. ಕ್ಯಾಸೆಟ್ ಉಳಿದದ್ದೂ ಅಲ್ಲೇ. ಒಂದು ಬ್ರಹ್ಮಕಲಶಕ್ಕೆ ಫ್ಲೆಕ್ಸಿಗೇ ಎಷ್ಟು ಖರ್ಚು ಮಾಡುತ್ತೇವೆ ಅಂತ ಸಮಿತಿಯಲ್ಲಿದ್ದವರಿಗೆ ಗೊತ್ತುಂಟು. ನೇಮದ ದಿನ ಸಂಧಿ ಹೇಳುವವರ ಮುಂದೆ ಮೈಕ್ ಇಡುತ್ತೇವೆ, ಅವರ ಅಪ್ಪ ಹೇಳಿದ ಸಂಧಿಯ ಕ್ಯಾಸೆಟ್ ನಮ್ಮ ಟ್ರಂಕಿನಲ್ಲಿ ಉಂಟು ಅಂತ ಒಂದು ಮಾತು ಹೇಳುವುದಿಲ್ಲ. ಕಾಯಿದೆಯಲ್ಲೂ ಹಾಡಿದವರಿಗೆ ಹಕ್ಕು ಉಂಟು ಸ್ವಾಮಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೆ, ಕುಣಿಯುವವರಿಗೆ ಪ್ರದರ್ಶಕರ ಹಕ್ಕು ಬಂತು, 1999ರಲ್ಲಿ ಅದರ ಅವಧಿ 50 ವರ್ಷ ಆಯಿತು. ಆ ಸೂಕ್ಷ್ಮ ವಕೀಲರು ನೋಡಿಕೊಳ್ಳಲಿ. ಗದ್ದೆಯ ನ್ಯಾಯಕ್ಕೆ ವಕೀಲರು ಬೇಡ, ಯಾರ ಬೆಳೆಯೋ ಅವರಿಗೆ ಮೊದಲ ಮುಡಿ.

ಇನ್ನೊಂದು ಎಚ್ಚರಿಕೆ. ಕ್ಯಾಸೆಟ್ಟನ್ನು ಕೇಳಿಕೊಂಡು ಬಂದವರ ಕೈಗೆ ಹಾಗೇ ಕೊಡಬೇಡಿ. ನಮ್ಮ ಪಕ್ಕದ ಊರಿಗೆ ಒಬ್ಬರು ಸಂಗ್ರಹ ಮಾಡುವವರು ಬಂದು ಮೂರು ಮನೆಯಿಂದ ಕ್ಯಾಸೆಟ್ ತೆಗೆದುಕೊಂಡು ಹೋದರು. ನಮ್ಮಿಂದಲೂ ಎರಡು. ರಶೀದಿ ಇಲ್ಲ, ಪ್ರತಿ ಇಲ್ಲ. ಆರು ವರ್ಷ ಆಯಿತು, ಈಗ ಫೋನ್ ಎತ್ತುವುದಿಲ್ಲ. ಹೆಸರು ಹೇಳುವುದಿಲ್ಲ, ಹೆಸರಿನಿಂದ ಪ್ರಯೋಜನ ಇಲ್ಲ. ನಿಯಮ ಮಾತ್ರ ನೆನಪಿಡಿ. ಮೊದಲು ಪ್ರತಿ, ಆಮೇಲೆ ಮೂಲ. ಕೊಡುವುದಾದರೆ ಬರಹದಲ್ಲಿ, ಯಾರ ಹಾಡು, ಯಾವಾಗ ಹಿಂದೆ ಕೊಡುತ್ತೀರಿ ಅಂತ ಸಹಿ ಹಾಕಿಸಿಕೊಂಡು.

ಈಗ ಅವಸರ ಯಾಕೆ ಅಂತ ಹೇಳುತ್ತೇನೆ. ಟೇಪು ಅಂದರೆ ಎಂತ? ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ, 3.81 ಮಿಲಿಮೀಟರ್ ಅಗಲ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಒಂದು ಅಂಟಿನಲ್ಲಿ ಕೂರಿಸಿರುತ್ತಾರೆ. ಸ್ವರ ಇರುವುದು ಆ ಪುಡಿಯಲ್ಲಿ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಒಂದು 90 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ಟೇಪು. ಆ ಅಂಟಿಗೆ ವೈರಿ ನೀರಿನ ಪಸೆ. ಅಂಟು ಪಸೆ ಹೀರಿ ಮೆತ್ತಗಾದರೆ ಟೇಪು ಕಿರ್ ಅಂತ ಕೂಗುತ್ತದೆ, ಹೆಡ್ಡಿಗೆ ಕಂದು ಪುಡಿ ಮೆತ್ತುತ್ತದೆ. ಆ ಪುಡಿ ಹೋಯಿತು ಅಂದರೆ ಸ್ವರವೇ ಹೋಯಿತು. ಜೊತೆಗೆ ಬಿಳಿ ಬೂಷ್ಟು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಅಡಿಕೆಯೇ ಒಣಗುವುದಿಲ್ಲ, ಕ್ಯಾಸೆಟ್ ಹೇಗೆ ಉಳಿದೀತು?

ಟೇಪು ಚೆನ್ನಾಗಿದ್ದರೂ ಓದುವ ಯಂತ್ರ ಬೇಕಲ್ಲ. ಡೆಕ್ ಮಾಡುವ ಕಂಪೆನಿಗಳು ಒಂದೊಂದಾಗಿ ನಿಲ್ಲಿಸಿದವು. ಬೆಲ್ಟು, ಪಿಂಚ್ ರೋಲರ್ ಸಿಗುವುದು ಕಷ್ಟ, ರಿಪೇರಿ ಗೊತ್ತಿರುವವರಿಗೆ ಪ್ರಾಯ ಆಯಿತು. 2019ರಲ್ಲಿ ಯುನೆಸ್ಕೋದವರೂ ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದವರೂ ಸೇರಿ ಪ್ರಪಂಚಕ್ಕೇ ಒಂದು ಎಚ್ಚರಿಕೆ ಕೊಟ್ಟರು. 2025ರ ಸುಮಾರಿಗೆ ಹಳೆಯ ಟೇಪುಗಳನ್ನು ಓದುವುದೇ ಕಷ್ಟ ಆಗುತ್ತದೆ, ಅದರ ಒಳಗೆ ಡಿಜಿಟಲ್ ಮಾಡಿ ಅಂತ. ಆ ವರ್ಷ ಬಂದು ಹೋಯಿತು. ನಾವು ಇನ್ನೂ "ನೋಡುವ, ಮಾಡುವ" ಅಂತ ಇದ್ದೇವೆ.

ಬರೀ ಬೈದು ಹೋಗುವುದಿಲ್ಲ, ಮಾಡುವ ಕ್ರಮ ಹೇಳುತ್ತೇನೆ. ನಾನು ಮಾಡಿ ನೋಡಿದ್ದು.

1. ಪತ್ತನಾಜೆಗೆ ಮೊದಲು, ಅಂದರೆ ಬೇಶ ಹತ್ತರ ಒಳಗೆ, ಒಣ ದಿನ ನೋಡಿ ಕ್ಯಾಸೆಟ್ ಕೆಳಗಿಳಿಸಿ. ಬಿಸಿಲಿಗೆ ಹರಡಬೇಡಿ, ಅದು ಅಡಿಕೆ ಅಲ್ಲ. ನೆರಳಲ್ಲಿ, ಗಾಳಿಯಲ್ಲಿ ಇಡಿ. ಸ್ಪೀಕರ್ ಹತ್ತಿರ ಇಡಬೇಡಿ, ಅದರಲ್ಲಿ ಅಯಸ್ಕಾಂತ ಉಂಟು.

2. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಮೊದಲು ಅದನ್ನು ಮುರಿಯಿರಿ. ಮುರಿದರೆ ತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ.

3. ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ, ಒಂದರದ್ದು ಎಲ್ಲದಕ್ಕೂ ಹಬ್ಬುತ್ತದೆ. ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ಗೊತ್ತಿದ್ದವರಿಗೆ ತೋರಿಸಿ. ಕಿರ್ ಅಂತ ಕೂಗುವ ಟೇಪನ್ನೂ ಕೂಡಲೇ ನಿಲ್ಲಿಸಿ.

4. ಟೇಪಿನ ಹಿಂದೆ ಒಂದು ಸಣ್ಣ ಉಣ್ಣೆಯ ಪ್ಯಾಡ್ ಇರುತ್ತದೆ, ಹಳೆಯದರಲ್ಲಿ ಉದುರಿರುತ್ತದೆ. ಸ್ವರ ಮಸುಕಾಗಿದ್ದರೆ ಟೇಪು ಹಾಳು ಅಂತ ಬಿಸಾಡಬೇಡಿ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ಬದಲಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ.

5. ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿಯಲ್ಲಿ ಒರೆಸಿ. ಹೆಡ್ಡಿನ ಬದಿಯ ಸಣ್ಣ ಸ್ಕ್ರೂವನ್ನು ನಿಧಾನ ತಿರುಗಿಸಿ, ಸ್ವರ ಅತಿ ಸ್ಪಷ್ಟ ಆಗುವಲ್ಲಿ ನಿಲ್ಲಿಸಿ. ಮಸುಕು ಮಾತು ಇದರಿಂದಲೇ ಬಿಚ್ಚಿಕೊಳ್ಳುತ್ತದೆ.

6. ಸ್ಪೀಕರಿನ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡುವುದು ಕೆಲಸಕ್ಕೆ ಬಾರದು. ಡೆಕ್ಕಿನ ಲೈನ್ ಔಟಿನಿಂದ ವಯರ್ ಎಳೆದು ಆಡಿಯೋ ಇಂಟರ್ಫೇಸ್ ಮೂಲಕ ಕಂಪ್ಯೂಟರಿಗೆ ಕೊಡಿ. 24 ಬಿಟ್, ಕಡಿಮೆ ಅಂದರೆ 48 ಕಿಲೋಹರ್ಟ್ಸ್, ವೇವ್ ಫೈಲ್. ಎಂಪಿ3 ಸಾಕಲ್ವಾ ಅಂತ ಕೇಳ್ತಾರೆ. ಎಂಪಿ3 ಅಂದರೆ ಮಿಲ್ಲಿಗೆ ಹೋಗಿ ಬಂದ ಅಕ್ಕಿ. ಊಟಕ್ಕೆ ಆಗುತ್ತದೆ, ಬಿತ್ತಲಿಕ್ಕೆ ಆಗುವುದಿಲ್ಲ. ವೇವ್ ಬೀಜದ ಭತ್ತ. ವಾಟ್ಸಾಪಿನಲ್ಲಿ ಕಳಿಸಲು ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.

7. ಶಬ್ದ ತೊಳೆಯಲಿಕ್ಕೆ ಹೋಗಬೇಡಿ. ಮೂಲ ಪ್ರತಿಯಲ್ಲಿ ನೀರಿನ ಶಬ್ದ, ಕೆಮ್ಮು, ನಾಯಿ ಬೊಗಳುವುದು, ನಗು ಎಲ್ಲ ಹಾಗೇ ಇರಲಿ. ಎರಡು ಹಾಡಿನ ನಡುವಿನ ಮಾತು ಹಾಡಿನಷ್ಟೇ ಮುಖ್ಯ.

8. ಕೂಡಲೇ ಬರೆದಿಡಿ. ಹಾಡಿದವರು ಯಾರು, ಯಾರ ಮಗಳು, ಯಾವ ಊರಿನಿಂದ ಮದುವೆಯಾಗಿ ಬಂದವರು, ಯಾವ ಗದ್ದೆ, ಯಾವ ಕೆಲಸ, ಸುಮಾರು ಯಾವ ವರ್ಷ, ಯಾರು ರೆಕಾರ್ಡ್ ಮಾಡಿದ್ದು. ಇದು ಹೇಳಬಲ್ಲ 70, 80ರ ಪ್ರಾಯದವರು ಈಗ ಇದ್ದಾರೆ. ಟೇಪಿಗಿಂತ ಬೇಗ ನಾವು ಕಳೆದುಕೊಳ್ಳುವುದು ಅವರನ್ನು. ಹೆಸರಿಲ್ಲದ ಹಾಡು ಅರ್ಧ ಸತ್ತ ಹಾಡು.

9. ಮೂರು ಪ್ರತಿ ಮಾಡಿ. ಒಂದು ಹಾಡಿದವರ ಮನೆಗೆ, ಒಂದು ನಿಮ್ಮಲ್ಲಿ, ಒಂದು ಬೇರೆ ಊರಿನ ಯಾರಲ್ಲಾದರೂ. ಹಾರ್ಡ್ ಡಿಸ್ಕೂ ಶಾಶ್ವತ ಅಲ್ಲ, ಬೀಜದ ಹಾಗೆ ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಮೂಲ ಕ್ಯಾಸೆಟ್ಟನ್ನು ಬಿಸಾಡಬೇಡಿ.

10. ನೇಮದ ಸಂಧಿ, ಸಿರಿಯ ಆಚರಣೆಯ ಭಾಗ ಇದ್ದರೆ ಯಾರಿಗೂ ಕೊಡುವ ಮೊದಲು ಆ ಕಟ್ಟಿನವರನ್ನು ಕೇಳಿ. ಎಲ್ಲ ಹಾಡೂ ಎಲ್ಲ ಹೊತ್ತಿಗೆ, ಎಲ್ಲರ ಕಿವಿಗೆ ಇರುವುದಲ್ಲ.

ಖರ್ಚು ಮತ್ತು ಸಮಯದ ಲೆಕ್ಕ. ಇದರಲ್ಲಿ ಅಡ್ಡದಾರಿ ಇಲ್ಲ, 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಬರೆಯುವ ಕೆಲಸಕ್ಕೆ ಇನ್ನೊಂದು ಅರ್ಧ ಗಂಟೆ. 20 ಕ್ಯಾಸೆಟ್ ಇರುವ ಮನೆಗೆ 40 ಗಂಟೆ. ಆಟಿ ತಿಂಗಳಲ್ಲಿ ಸಂಜೆ ಎಂತ ಮಾಡುತ್ತೇವೆ? ದಿನಕ್ಕೆ ಎರಡು ಗಂಟೆ ಇಟ್ಟರೆ 20 ದಿನದ ಕೆಲಸ. ಒಂದು ಕ್ಯಾಸೆಟ್ಟಿಗೆ ನಾನು ಹೇಳಿದ ಲೆಕ್ಕದಲ್ಲಿ ಸುಮಾರು ಒಂದೂವರೆ ಜಿಬಿ. ಒಂದು ಟಿಬಿಯ ಡಿಸ್ಕಿನಲ್ಲಿ 600 ಕ್ಯಾಸೆಟ್ ಹಿಡಿಯುತ್ತದೆ, ಅಂದರೆ ಒಂದು ಇಡೀ ಗ್ರಾಮದ್ದು. ಪ್ರತಿ ಮನೆಗೆ ಡೆಕ್ ಬೇಕಾಗಿಲ್ಲ. ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ ಹಂಚಿಕೊಳ್ಳುವ ಹಾಗೆ ಹಾಲಿನ ಸೊಸೈಟಿಗೆ ಒಂದು ಡೆಕ್ ಸಾಕು. ಮಣಿಪಾಲದ ಗುಡ್ಡೆಯಲ್ಲಿ ಸೌಂಡಿನ ಕೆಲಸ ಗೊತ್ತಿರುವ ಹುಡುಗರು ಬೇಕಾದಷ್ಟಿದ್ದಾರೆ, ಒಂದು ಭಾನುವಾರ ಊಟಕ್ಕೆ ಕರೆದರೆ ಬಂದು ಕಲಿಸುತ್ತಾರೆ. ಸರ್ಕಾರದ ಯೋಜನೆ ಬಂದರೆ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಕಾಯುವುದು ಅಂದರೆ ಮಳೆ ಬಂದ ಮೇಲೆ ಮಾಡು ಹೊದಿಸುವುದು.

ಕೊನೆಗೆ ನನ್ನ ಕಡೆಯಿಂದ ಒಂದು ಮಾತು. ನಮ್ಮ ಶೆಡ್ಡಿನಲ್ಲಿ ಬೆಲ್ಟ್ ಹಾಕಿಸಿದ ಒಂದು ಡೆಕ್, ಒಂದು ಇಂಟರ್ಫೇಸ್ ಉಂಟು. ಶನಿವಾರ ಸಂಜೆ ಐದರ ನಂತರ ಯಾರು ಬೇಕಾದರೂ ಕ್ಯಾಸೆಟ್ ತರಬಹುದು. ಹಣ ಬೇಡ, ಚಾ ನಮ್ಮದು. ಶರತ್ತು ಎರಡೇ. ಹಾಡಿದವರು ಯಾರು ಅಂತ ಕೇಳಿಕೊಂಡು ಬರಬೇಕು, ಗೊತ್ತಿಲ್ಲದಿದ್ದರೆ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ಮತ್ತೆ, ಪ್ರತಿ ಆದ ಒಂದು ವಾರದ ಒಳಗೆ ಆ ಮನೆಯ ಮೆಟ್ಟಿಲು ಹತ್ತಿ ಪೆನ್ ಡ್ರೈವ್ ಕೈಗೆ ಕೊಟ್ಟು ಬರಬೇಕು. ವಾಟ್ಸಾಪಿನಲ್ಲಿ ಕಳಿಸಿದೆ ಅಂತ ಹೇಳುವವರಿಗೆ ಎರಡನೇ ಕ್ಯಾಸೆಟ್ ಮಾಡಿಕೊಡುವುದಿಲ್ಲ. ಬರುವವರು ಟೇಪಿನ ಡಬ್ಬಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತನ್ನಿ, ಈಗಲೇ ಸಂಜೆ ಮೋಡ ಹಾಕಲಿಕ್ಕೆ ಶುರುವಾಗಿದೆ.